ನಮ್ಮ ಅಟ್ಟದ ಸದ್ದಿನ ಲೆಕ್ಕ

ಕಳೆದ ನವೆಂಬರ್‌ನಲ್ಲಿ ನಮ್ಮ ಮನೆಯ ಅಟ್ಟದ ಮೇಲೆ ಸದ್ದು ಶುರುವಾಯಿತು. ಮೊದಲು ಕೇಳಿಸಿಕೊಂಡವಳು ಆರನೇ ತರಗತಿ ಓದುವ ನನ್ನ ತಂಗಿ. ಮೂರನೇ ದಿನಕ್ಕೆ ಅವಳು ನಡುಮನೆ ಬಿಟ್ಟು ಅಮ್ಮಿಯ ಪಕ್ಕದಲ್ಲಿ ಮಲಗತೊಡಗಿದಳು. ನಾವೆಲ್ಲ ನಕ್ಕೆವು. ಐದನೇ ದಿನ ದಾದಿ, "ಮೇಲೆ ಯಾರೋ ಉಸಿರು ಬಿಡುತ್ತಾರೆ" ಎಂದಾಗ ಯಾರೂ ನಗಲಿಲ್ಲ. ಆ ಉಸಿರನ್ನು ನಾನೂ ಕೇಳಿದ್ದೆ, ಹೇಳಿರಲಿಲ್ಲ ಅಷ್ಟೆ.

ಸಂಪಗಾಂವದ ಹಳೆಯ ಮನೆಗಳನ್ನು ನೋಡಿದವರಿಗೆ ಅಟ್ಟ ಅಂದರೆ ಏನೆಂದು ಹೇಳಬೇಕಿಲ್ಲ. ನಮ್ಮ ಮನೆಯ ಮುಂಭಾಗ ಹಂಚು, ಹಿಂದಿನ ಅಡುಗೆಮನೆಗೆ ತಗಡು. ಎರಡಕ್ಕೂ ಕೆಳಗೆ ತೊಲೆಗಳ ಮೇಲೆ ಹಲಗೆ ಹಾಕಿದ ಒಂದೇ ಉದ್ದ ಅಟ್ಟ. ಅಲ್ಲಿ ದಾದಿಯ ತಾಮ್ರದ ಡೇಗು, ಮದುವೆ ಕಾಲದ ಟ್ರಂಕು, ಶೇಂಗಾ ಚೀಲ, ಯಾರೂ ಹೊದೆಯದ ಕೌದಿಗಳು.

ಸಲಹೆ ಕೊಡುವವರಿಗೆ ಕೊರತೆ ಇರಲಿಲ್ಲ. ಒಬ್ಬರು ಬಂದು ಅಟ್ಟದ ಕಡೆ ನೋಡಿ, ಮನೆ 'ಕಟ್ಟಿಸಲು' 3,500 ರೂಪಾಯಿ ಕೇಳಿದರು. ಅಬ್ಬಾ ಗೌಂಡಿ ಕೆಲಸದವರು. ಅದು ಅವರ ನಾಲ್ಕೈದು ದಿನದ ಪಗಾರ. ಪಕ್ಕದ ಮನೆಯ ಕಾಕಾ ಇಲಿ ಪಾಷಾಣದ ಪೊಟ್ಟಣ ತಂದು ಕೊಟ್ಟು, "ಇದನ್ನ ಮ್ಯಾಲ ಇಟ್ಟ ಬಿಡ್ರಿ, ನಾಲ್ಕ ದಿನದಾಗ ಎಲ್ಲಾ ಸುಮ್ಮನಾಗತೈತಿ" ಎಂದರು. ದಾದಿ ಜಿನ್ನಾತ್ ಇರಬಹುದೆಂದು ಹೆದರಿದ್ದರು. ಅಬ್ಬಾ ಮಾತ್ರ, "ಇರಬಹುದು ಅಮ್ಮಾ, ಆದರೆ ಜಿನ್ನಾತ್ ಶೇಂಗಾ ಸಿಪ್ಪೆ ಬಿಡುತ್ತದೆಯೇ?" ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ನನಗೆ ಧೈರ್ಯ ಬಂತು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನಮಗೆ ಮೊದಲು ಕಲಿಸುವುದೇ ನಡೆದ ವ್ಯವಹಾರವನ್ನು ಅದೇ ದಿನ ಬರೆದಿಡುವುದನ್ನು. ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆದೆ: ತಾರೀಖು, ಗಂಟೆ, ಎಂಥ ಸದ್ದು, ಅಟ್ಟದ ಯಾವ ಕಡೆ, ಆ ದಿನ ಬಿಸಿಲಿತ್ತೋ ಮೋಡವಿತ್ತೋ. ಒಂದು ವಾರ ಬರೆದ ಮೇಲೆ ಗೊತ್ತಾಯಿತು, ನಾವು 'ಆ ಸದ್ದು' ಎನ್ನುತ್ತಿದ್ದದ್ದು ಒಂದು ಸದ್ದೇ ಅಲ್ಲ. ಮೂರು ಸದ್ದುಗಳನ್ನು ಒಂದೇ ಖಾತೆಗೆ ಹಾಕಿ ಹೆದರುತ್ತಿದ್ದೆವು.

ಮೊದಲನೆಯದು 'ಟಕ್... ಟಕ್' ಎಂಬುದು. ಅಡುಗೆಮನೆ ಮೇಲೆ ಮಾತ್ರ, ಸಂಜೆ ಏಳರಿಂದ ಒಂಬತ್ತರವರೆಗೆ, ಮತ್ತೆ ಬೆಳಿಗ್ಗೆ ಬಿಸಿಲೇರುವಾಗ. ಮೋಡ ಕವಿದ ಎರಡು ದಿನ ಅದು ಬರಲೇ ಇಲ್ಲ. ವಿಜ್ಞಾನ ವಿಭಾಗದ ಗೆಳೆಯ ಲೆಕ್ಕ ಹೇಳಿಕೊಟ್ಟ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ನಮ್ಮ ತಗಡು 12 ಅಡಿ ಉದ್ದ. ಮಧ್ಯಾಹ್ನದ ಬಿಸಿಗೂ ರಾತ್ರಿಯ ಚಳಿಗೂ 35 ಡಿಗ್ರಿ ಅಂತರ ಹಿಡಿದರೆ ತಗಡು ಸುಮಾರು ಒಂದೂವರೆ ಮಿಲಿಮೀಟರ್ ಕುಗ್ಗಬೇಕು. ಆದರೆ ಮೊಳೆಗಳು ಅದನ್ನು ಬಿಡುವುದಿಲ್ಲ. ತಡೆದು ತಡೆದು ಕೊನೆಗೆ ಒಮ್ಮೆಲೇ ಜಾರುತ್ತದೆ, ಟಕ್ ಎನ್ನುತ್ತದೆ. ಜಾರುವುದು ಕೂದಲೆಳೆಯಷ್ಟೇ, ಕೆಳಗೆ ಮಲಗಿದವರಿಗೆ ಮಾತ್ರ ಯಾರೋ ಬೆರಳಿಂದ ಬಡಿದ ಹಾಗೆ.

ಎರಡನೆಯದು ಕೆರೆಯುವ, ಎಳೆಯುವ ಸದ್ದು. ಅದೂ ಅಡುಗೆಮನೆ ಮೇಲೆಯೇ, ಆದರೆ ದೀಪ ಆರಿಸಿದ ಮೇಲೆ, ಮೋಡವಿದ್ದರೂ ಸರಿ. ಇಲಿ ಎಂದು ಎಲ್ಲರಿಗೂ ಅನುಮಾನವಿತ್ತು, ಸಾಕ್ಷಿ ಬೇಕಿತ್ತು. ರೊಟ್ಟಿ ಹಿಟ್ಟು ಚೆಲ್ಲುತ್ತೇನೆಂದರೆ ಅಮ್ಮಿ ಬೈದರು. ಒಲೆಯ ಬೂದಿಯನ್ನು ಜರಡಿ ಹಿಡಿದು ಹಲಗೆ ಮೇಲೆ ತೆಳ್ಳಗೆ ಹರಡಿದೆ. ಬೆಳಿಗ್ಗೆ ನೋಡಿದರೆ ಪುಟ್ಟ ಹೆಜ್ಜೆಗಳು, ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ. ಇಲಿಯ ಮುಂದಿನ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತವೆ, ಹಾಗಾಗಿ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ನಮ್ಮ ಅಟ್ಟದಲ್ಲಿ ಅದು ಕಡಿದದ್ದು ಕರೆಂಟಿನ ವೈರು. ಎರಡು ಕಡೆ ತಾಮ್ರ ಕಾಣುತ್ತಿತ್ತು, ಪಕ್ಕದಲ್ಲೇ ಕೌದಿಗಳ ರಾಶಿ. ಇಡೀ ಪ್ರಕರಣದಲ್ಲಿ ನಿಜವಾಗಿ ಹೆದರಬೇಕಾದದ್ದು ಇದೊಂದಕ್ಕೇ, ಆದರೆ ಇದರ ಬಗ್ಗೆ ಯಾರಿಗೂ ಹೆದರಿಕೆ ಇರಲಿಲ್ಲ! ಅಬ್ಬಾ ಅಂದೇ ಮೇನ್ ಸ್ವಿಚ್ ತೆಗೆದು ವೈರಿನವರನ್ನು ಕರೆಸಿದರು.

ಮೂರನೆಯದೇ ಆ ಉಸಿರು. ಮುಂಭಾಗದ ಹಂಚಿನ ಕೆಳಗೆ, ತ್ರಿಕೋನದ ಗೋಡೆಯ ಕಡೆ. ಕತ್ತಲಾದ ಮೇಲೆ 'ಶ್ಶ್ಶ್... ಶ್ಶ್ಶ್', ಮುದುಕರ ಗೊರಕೆಯ ಹಾಗೆ. ಸ್ವಲ್ಪ ಹೊತ್ತು ಜೋರಾಗುವುದು, ಒಮ್ಮೆಲೇ ನಿಲ್ಲುವುದು, ಅರ್ಧ ತಾಸಿಗೆ ಮತ್ತೆ ಶುರು. ಹಗಲಿನಲ್ಲಿ ಹತ್ತಿ ನೋಡಿದಾಗ ಮೊದಲು ಕಂಡದ್ದು ಗೋಡೆ ಮೇಲೆ ಸುಣ್ಣದಂಥ ಬಿಳಿ ಗೆರೆಗಳು, ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು. ಕಡ್ಡಿಯಿಂದ ಒಂದನ್ನು ಬಿಡಿಸಿದರೆ ಒಳಗೆ ಕೂದಲು, ಎಲುಬು, ಮೂರು ಪುಟ್ಟ ತಲೆಬುರುಡೆ. ಟಾರ್ಚು ಮೇಲೆತ್ತಿದೆ. ಹಂಚು ಒಡೆದ ಸಂದಿಯ ಹತ್ತಿರ, ತೊಲೆಯ ಮೂಲೆಯಲ್ಲಿ, ಮೂರು ಬಿಳಿ ಮುಖಗಳು ನನ್ನನ್ನೇ ನೋಡುತ್ತಿದ್ದವು. ನಾನು ಏಣಿಯಿಂದ ಬೀಳದೇ ಇದ್ದದ್ದು ಅಲ್ಲಾಹನ ಕೃಪೆ.

ಫೋಟೋ ನೋಡಿದ ಜೀವಶಾಸ್ತ್ರದ ಉಪನ್ಯಾಸಕರು ಕಣಜ ಗೂಬೆಯ ಮರಿಗಳು ಎಂದರು. ಆ 'ಉಸಿರು' ಮರಿಗಳು ಊಟ ಕೇಳುವ ಕೂಗು. ತಾಯಿ ಬಂದದ್ದು ನಮಗೆ ಒಮ್ಮೆಯೂ ಕೇಳಿಸಲಿಲ್ಲ, ಏಕೆಂದರೆ ಗೂಬೆಯ ರೆಕ್ಕೆಯ ಗರಿಗಳ ಅಂಚು ಮೆತ್ತಗಿರುವುದರಿಂದ ಹಾರಾಟಕ್ಕೆ ಸದ್ದೇ ಇಲ್ಲ. ಮರಿಗಳು ಒಮ್ಮೆಲೇ ಸುಮ್ಮನಾದವೆಂದರೆ ಬಾಯಿಗೆ ಊಟ ಬಿತ್ತೆಂದು ಅರ್ಥ. ಗೂಬೆಯ ಒಂದು ಕಿವಿ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ ಇರುತ್ತದೆಯಂತೆ. ಸದ್ದು ಎರಡಕ್ಕೂ ಮುಟ್ಟುವ ರೀತಿಯಲ್ಲಿನ ಆ ಚಿಕ್ಕ ವ್ಯತ್ಯಾಸದಿಂದಲೇ ಅದು ಪೂರ್ತಿ ಕತ್ತಲಲ್ಲೂ ಇಲಿ ಇರುವ ಜಾಗವನ್ನು ಲೆಕ್ಕ ಹಾಕುತ್ತದೆ. ನಾನು ಒಂದು ವಾರ ನೋಟುಪುಸ್ತಕ ಹಿಡಿದು ಮಾಡಿದ್ದನ್ನು ಅದು ಕ್ಷಣದಲ್ಲಿ ಮಾಡುತ್ತದೆ.

ಹಾಗಾದರೆ ಅದೇ ಅಟ್ಟದಲ್ಲಿ ಇಲಿ ಏಕೆ ಉಳಿದಿತ್ತು ಎಂದು ನಾನೂ ಕೇಳಿದೆ. ಗೂಬೆ ಹೆಚ್ಚಾಗಿ ಬೇಟೆಯಾಡುವುದು ಹೊರಗೆ, ಹೊಲದ ಬಯಲಲ್ಲಿ. ಚೀಲ, ಟ್ರಂಕಿನ ಸಂದಿಯಲ್ಲಿ ಅಡಗಿದ ಇಲಿ ಅದಕ್ಕೆ ಸುಲಭವಾಗಿ ಸಿಗುವುದಿಲ್ಲ. ಮಲೇಷ್ಯಾದ ತಾಳೆಎಣ್ಣೆ ತೋಟಗಳಲ್ಲಿ ಇಲಿ ಹಿಡಿಯಲೆಂದೇ ಪೆಟ್ಟಿಗೆ ಇಟ್ಟು ಈ ಗೂಬೆಗಳನ್ನು ಕರೆಯುತ್ತಾರೆ.

ಗೂಬೆ ಎಂದು ಓಣಿಗೆ ಗೊತ್ತಾದಾಗ ಹೊಸ ತೊಂದರೆ. "ಗೂಗಿ ಹೊಕ್ಕ ಮನ್ಯಾಗ ಇರಬಾರದವ್ವಾ, ಮೂರ ತಿಂಗಳ ಬಾಗಲಾ ಹಾಕ್ರಿ" ಎಂದರು ಎದುರುಮನೆ ಅಜ್ಜಿ. ಬಾಗಿಲು ಹಾಕಿ ಹೋಗುವುದೆಲ್ಲಿಗೆ? ದಾದಿಯ ಮುಖ ನೋಡಿದೆ. ಅವರು ಬಹಳ ಹೊತ್ತು ಯೋಚಿಸಿ, ಮರಿಗಳಿರುವ ತಾಯಿಯನ್ನು ಓಡಿಸಬೇಡಿ ಎಂದಷ್ಟೇ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದನ್ನೇ ಹೇಳುತ್ತದೆ: ಗೂಬೆಯನ್ನು ಹಿಡಿಯುವುದು, ಕೊಲ್ಲುವುದು ಅಪರಾಧ.

ಕಾಕಾ ಕೊಟ್ಟ ಪೊಟ್ಟಣ ಇನ್ನೂ ಕಪಾಟಿನಲ್ಲಿತ್ತು. ಅದರ ಮೇಲೆ ಬ್ರೋಮಡಿಯೋಲೋನ್ ಎಂದು ಬರೆದಿತ್ತು. ಈ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಬೇಕು. ಅಷ್ಟರಲ್ಲಿ ಮಂಕಾಗಿ ಬಯಲಿಗೆ ಬರುತ್ತದೆ, ಗೂಬೆಗೆ ಸುಲಭವಾಗಿ ಸಿಗುತ್ತದೆ. ಇಲಿಯ ಮೈಯಲ್ಲಿದ್ದ ವಿಷ ಗೂಬೆಗೆ, ಗೂಬೆಯಿಂದ ಮರಿಗೆ. ಅಂದು ನಾವು ಅದನ್ನು ಅಟ್ಟದಲ್ಲಿ ಇಟ್ಟಿದ್ದರೆ ಕಾಕಾ ಹೇಳಿದಂತೆ ಎಲ್ಲವೂ ಸುಮ್ಮನಾಗುತ್ತಿತ್ತು.

ವಿಷದ ಬದಲು ಬೋನು ತಂದೆವು. ಶೇಂಗಾವನ್ನು ಮುಚ್ಚಳದ ಡಬ್ಬಕ್ಕೆ ಹಾಕಿದೆವು. ಅಬ್ಬಾ ಅಡುಗೆಮನೆ ಕಡೆಯ ಸಂದಿಗಳಿಗೆಲ್ಲ ಸಿಮೆಂಟು ತುಂಬಿದರು, ಎರಡು ಬೆರಳಗಲದ ತೂತನ್ನೂ ಬಿಡಲಿಲ್ಲ. ಇಲಿ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬಾರದು, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರಿನ ನೀರು ಚಿಮುಕಿಸಿ, ಬಾಯಿಗೆ ಬಟ್ಟೆ ಕಟ್ಟಿ ತೆಗೆದೆವು. ಐದು ಇಲಿ ಸಿಕ್ಕವು. ಒಡೆದ ಹಂಚನ್ನು ಮಾತ್ರ ಮುಟ್ಟಲಿಲ್ಲ.

ಜನವರಿ ಮೊದಲ ವಾರ ಮರಿಗಳು ಹಾರಿಹೋದವು. ಅಬ್ಬಾ ಹೊಸ ಹಂಚು ತಂದು ಅಂಗಳದಲ್ಲಿ ಇಟ್ಟಿದ್ದಾರೆ, ಇನ್ನೂ ಹಾಕಿಲ್ಲ. ತಂಗಿ ಮತ್ತೆ ನಡುಮನೆಯಲ್ಲಿ ಮಲಗುತ್ತಾಳೆ. ರಾತ್ರಿ ಟಕ್ ಎಂದರೆ, ನಿದ್ದೆಗಣ್ಣಲ್ಲೇ "ತಗಡು" ಎಂದು ಮಗ್ಗಲು ಬದಲಿಸುತ್ತಾಳೆ.