ಕೊರಳಿನ ಕಪ್ಪು

ಕತ್ತಿನ ಹಿಂಬದಿಯಲ್ಲಿ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪುಗಟ್ಟಿದ ಚರ್ಮವನ್ನು ನೀವು ಕಂಡಿರಬಹುದು. ಕೊಳೆಯೆಂದು ಬಗೆದು ತಾಯಂದಿರು ಮಕ್ಕಳ ಕತ್ತನ್ನು ಸೀಗೆಪುಡಿ ಹಾಕಿ ಉಜ್ಜುವುದುಂಟು. ಪಾಪ, ಕತ್ತು ಉರಿದೀತೇ ಹೊರತು ಕಪ್ಪು ಹೋಗದು! ಅನೇಕರಲ್ಲಿ ಅದು ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿದುದರ ಗುರುತು. ಇನ್ಸುಲಿನ್ನಿನ ಮಾತನ್ನು ದೇಹವು ಸರಿಯಾಗಿ ಕೇಳದಾದಾಗ ಮೇದೋಜೀರಕ ಗ್ರಂಥಿಯು ಅದನ್ನು ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚಳ ಚರ್ಮದ ಜೀವಕಣಗಳನ್ನು ಅತಿಯಾಗಿ ಬೆಳೆಸುತ್ತದೆ.

ದೇಹಕ್ಕೆ ಈ ಕಿವುಡು ಬಂದುದೇಕೆ? ಬೊಜ್ಜು ಬೆಳೆದಾಗ, ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ಕಾವಲುಕಣಗಳು ಕೊಬ್ಬಿನೊಳಗೆ ಗುಂಪುಗೂಡುವುದನ್ನು 2003ರಲ್ಲಿ ವಿಜ್ಞಾನಿಗಳು ತೋರಿಸಿದರು. ಅವು ಹೊರಬಿಡುವ ಉರಿಯೂತದ ದ್ರವ್ಯಗಳು ಇನ್ಸುಲಿನ್ನಿನ ಸಂದೇಶಕ್ಕೆ ಅಡ್ಡಬರುತ್ತವೆ.

ಆದುದರಿಂದ ಉಜ್ಜುವುದನ್ನು ಬಿಟ್ಟು ವೈದ್ಯರಲ್ಲಿ ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಿರಿ. ಮೈತೂಕ ಇಳಿದಂತೆ ಕಪ್ಪೂ ತಿಳಿಯಾಗುವುದುಂಟು.