ಕಾರ್ಖಾನೆಯ ಹೊಗೆಯ ಲೆಕ್ಕವೂ ಕೆಲಸಗಾರರ ಕ್ಷೇಮವೂ

ಮೈಸೂರು ಸೀಮೆಯ ಬಯಲುನಾಡಿನಲ್ಲಿ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ಪದ್ಧತಿಯು ಹಿಂದಿನಿಂದ ನಡೆದುಬಂದದ್ದಾಗಿರುತ್ತದೆ. ಹಗೇವಿನ ಬಾಯಿಯನ್ನು ತೆಗೆದ ಕೂಡಲೆ ಯಾರೂ ಒಳಕ್ಕೆ ಇಳಿಯಕೂಡದೆಂಬುದು ಹಿರಿಯರ ಕಟ್ಟಳೆ. ಕೆಲವು ಕಾಲ ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಇದಕ್ಕೆ ಕಾರಣವೇನೆಂದರೆ, ಕಾಳುಗಳು ಜೀವವುಳ್ಳವಾದುದರಿಂದ ಅವೂ ಉಸಿರಾಡುವುವು. ಒಳಗಿನ ಆಮ್ಲಜನಕವನ್ನು ಹೀರಿ ಇಂಗಾಲಾಮ್ಲವಾಯುವನ್ನು ಬಿಡುವುವು. ಈ ವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾಮಾನ್ಯವಾದ ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರವಾದುದರಿಂದ ಗುಂಡಿಯ ತಳದಲ್ಲಿಯೇ ನಿಂತಿರುವುದು. ಅದರೊಳಕ್ಕೆ ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಮೂರ್ಛೆಹೋಗುವನು.

ಇದೇ ಇಂಗಾಲಾಮ್ಲವಾಯುವು ಈಗಿನ ದೊಡ್ಡ ಕಂಪೆನಿಗಳ ಲೆಕ್ಕದ ಪುಸ್ತಕಗಳಲ್ಲಿ ಒಂದು ಬಾಬಾಗಿ ಸೇರಿರುತ್ತದೆ. ವರ್ಷಕ್ಕೆ ಎಷ್ಟು ಟನ್ನು ವಾಯುವು ಕಾರ್ಖಾನೆಯಿಂದ ಹೊರಬಿದ್ದಿತು, ಎಷ್ಟು ಮಂದಿ ಕೆಲಸಗಾರರಿಗೆ ಪೆಟ್ಟಾಯಿತು, ಎಷ್ಟು ಮಂದಿ ಮಡಿದರು ಎಂಬ ಎರಡು ಬಗೆಯ ಲೆಕ್ಕಗಳನ್ನೂ ಅವು ಒಂದೇ ವರದಿಯಲ್ಲಿ ಪ್ರಕಟಿಸಬೇಕಾಗಿದೆ. ಕಬ್ಬು, ಹತ್ತಿ, ಕಾಫಿ, ಹಾಲು ಮುಂತಾದುವುಗಳನ್ನು ಕಾರ್ಖಾನೆಗಳಿಗೆ ಒದಗಿಸುವ ಜಮೀನುದಾರರಿಗೂ, ತಮ್ಮ ಊರಿನ ಜನರು ಕೂಲಿಗಾಗಿ ಅಲ್ಲಿಗೆ ಹೋಗುವುದನ್ನು ನೋಡುವ ಗ್ರಾಮದ ಮುಖಂಡರಿಗೂ ಈ ಲೆಕ್ಕಗಳ ಸ್ವರೂಪವು ತಿಳಿದಿರುವುದು ಅವಶ್ಯಕ.

ಲೆಕ್ಕಕ್ಕೆ ಬರುವ ವಾಯುಗಳು

ಕಲ್ಲಿದ್ದಲು, ಡೀಸೆಲ್, ಸೌದೆ ಮೊದಲಾದುವು ಉರಿದಾಗ ಇಂಗಾಲಾಮ್ಲವಾಯುವು ಉಂಟಾಗುವುದು. ಸಗಣಿ, ಸೊಪ್ಪುಸದೆ, ಕಾರ್ಖಾನೆಯ ಬಚ್ಚಲುನೀರು ಇವು ಗಾಳಿಯಾಡದ ಕಡೆಯಲ್ಲಿ ಕೊಳೆತರೆ ಮೀಥೇನ್ ಎಂಬ ವಾಯುವು ಹುಟ್ಟುವುದು. ಹೊಲಕ್ಕೆ ಹಾಕಿದ ಸಾರಜನಕದ ಗೊಬ್ಬರದಲ್ಲಿ ಒಂದು ಸ್ವಲ್ಪ ಭಾಗವು ಮಣ್ಣಿನ ಸೂಕ್ಷ್ಮಜೀವಿಗಳ ಮೂಲಕ ನೈಟ್ರಸ್ ಆಕ್ಸೈಡ್ ಎಂಬ ವಾಯುವಾಗಿ ಮೇಲಕ್ಕೆ ಹೋಗುವುದು. ಇವೆಲ್ಲವೂ ಭೂಮಿಯ ಶಾಖವನ್ನು ಹಿಡಿದಿಡತಕ್ಕವು. ಆದರೆ ಅವುಗಳ ಶಕ್ತಿಯು ಒಂದೇ ಸಮನಲ್ಲ. ಐ.ಪಿ.ಸಿ.ಸಿ. ಎಂಬ ಅಂತರಸರ್ಕಾರಿ ಮಂಡಲಿಯ 2021ನೆಯ ಇಸವಿಯ ವರದಿಯಂತೆ, ನೂರು ವರ್ಷಗಳ ಅವಧಿಯಲ್ಲಿ ಕೊಳೆತದಿಂದ ಹುಟ್ಟಿದ ಒಂದು ಟನ್ನು ಮೀಥೇನ್ 27 ಟನ್ನು ಇಂಗಾಲಾಮ್ಲವಾಯುವಿಗೂ, ಒಂದು ಟನ್ನು ನೈಟ್ರಸ್ ಆಕ್ಸೈಡ್ 273 ಟನ್ನಿಗೂ ಸಮಾನವಾಗಿರುತ್ತದೆ. ರಾಗಿ, ಎಳ್ಳು, ಬೆಲ್ಲ ಇವು ಬೇರೆ ಬೇರೆಯಾದರೂ ಅವುಗಳ ಬೆಲೆಯನ್ನು ರೂಪಾಯಿಯಲ್ಲಿಯೇ ಹೇಳುವಂತೆ, ಈ ವಾಯುಗಳೆಲ್ಲವನ್ನೂ ಇಂಗಾಲಾಮ್ಲವಾಯುವಿನ ಸಮತೂಕಕ್ಕೆ ತಂದು ಲೆಕ್ಕ ಹಾಕುವರು.

ಹೊಗೆಯನ್ನು ತಕ್ಕಡಿಯಲ್ಲಿ ತೂಗುವುದೆಂತು ಎಂಬ ಸಂಶಯವು ಸಹಜವಾದದ್ದು. ಸಾಧಾರಣವಾಗಿ ಹೊಗೆಯನ್ನು ತೂಗುವುದಿಲ್ಲ. ಉರಿಸಿದ ಪದಾರ್ಥವನ್ನು ಅಳೆದು, ಅದರಿಂದ ಎಷ್ಟು ವಾಯುವು ಬರತಕ್ಕದ್ದೆಂಬ ನಿಷ್ಕರ್ಷೆಯಾದ ಪ್ರಮಾಣದಿಂದ ಗುಣಿಸುವರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋಗ್ರಾಂ ವಾಯುವು ಬರುವುದು. ಎಣ್ಣೆಯ ತೂಕಕ್ಕಿಂತ ಹೊಗೆಯ ತೂಕವು ಹೆಚ್ಚೆಂಬುದು ವಿಚಿತ್ರವಾಗಿ ತೋರಬಹುದು. ಆದರೆ 12 ಪಾಲು ಇಂಗಾಲದೊಡನೆ ಗಾಳಿಯಲ್ಲಿನ 32 ಪಾಲು ಆಮ್ಲಜನಕವು ಸೇರಿ 44 ಪಾಲು ವಾಯುವಾಗುವುದರಿಂದ ತೂಕವು ಹೆಚ್ಚುವುದು.

ಮೂರು ಖಾತೆಗಳು

ಈ ಲೆಕ್ಕವನ್ನು ಬರೆಯುವ ಕ್ರಮವನ್ನು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯೂ, ವ್ಯಾಪಾರಸ್ಥರ ಒಂದು ಜಾಗತಿಕ ಮಂಡಲಿಯೂ ಸೇರಿ 2001ರಲ್ಲಿ ಪ್ರಕಟಿಸಿ, 2004ರಲ್ಲಿ ತಿದ್ದುಪಡಿ ಮಾಡಿದುವು. ಇದರಂತೆ ಕಂಪೆನಿಯು ಮೂರು ಖಾತೆಗಳನ್ನು ಇಡತಕ್ಕದ್ದು. ಸಕ್ಕರೆ ಕಾರ್ಖಾನೆಯೊಂದರ ದೃಷ್ಟಾಂತದಿಂದ ಇದು ಸುಲಭವಾಗಿ ತಿಳಿಯುವುದು.

ಕಾರ್ಖಾನೆಯ ಸ್ವಂತ ಬಾಯಿಲರು, ಸ್ವಂತ ಲಾರಿ, ಸ್ವಂತ ಬಚ್ಚಲುನೀರಿನ ಹೊಂಡ ಇವುಗಳಿಂದ ಹೊರಟ ವಾಯುವು ಮೊದಲನೆಯ ಖಾತೆಗೆ ಸೇರುವುದು. ಹೊರಗಿನಿಂದ ಕೊಂಡ ವಿದ್ಯುಚ್ಛಕ್ತಿಯನ್ನು ಉತ್ಪತ್ತಿ ಮಾಡಿದ ಕಡೆಯಲ್ಲಿ ಹೊರಟ ವಾಯುವು ಎರಡನೆಯದು. ಭಾರತದಲ್ಲಿ ಇದು ಸರಾಸರಿಯಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಆಗುವುದು. ಕಬ್ಬನ್ನು ಬೆಳೆದ ಹೊಲ, ಅದನ್ನು ತಂದ ಬಾಡಿಗೆಯ ಲಾರಿ, ಮಾರಿದ ಸರಕಿನ ಸಾಗಾಣಿಕೆ ಮುಂತಾದ ಹೊರಗಿನ ಬಾಬುಗಳೆಲ್ಲವೂ ಮೂರನೆಯದಕ್ಕೆ ಸೇರುವುವು.

ಕಬ್ಬಿನ ಸಿಪ್ಪೆಯನ್ನು ಬಾಯಿಲರಿನಲ್ಲಿ ಉರಿಸಿದಾಗ ಬರುವ ಇಂಗಾಲಾಮ್ಲವಾಯುವನ್ನು ಈ ಮೂರು ಖಾತೆಗಳಿಂದ ಹೊರಗೆ, ಪ್ರತ್ಯೇಕವಾಗಿ ತೋರಿಸುವರು. ಏಕೆಂದರೆ ಕಬ್ಬು ಬೆಳೆಯುವಾಗ ಗಾಳಿಯಿಂದ ತೆಗೆದುಕೊಂಡದ್ದನ್ನೇ ಅದು ಹಿಂದಕ್ಕೆ ಕೊಡುತ್ತದೆ. ಆದರೆ ಕಾಕಂಬಿಯಿಂದ ಮದ್ಯಸಾರವನ್ನು ಇಳಿಸಿದ ಮೇಲೆ, ಲೀಟರೊಂದಕ್ಕೆ ಎಂಟರಿಂದ ಹದಿನೈದು ಲೀಟರಿನಷ್ಟು ಉಳಿಯುವ ಕಂದುಬಣ್ಣದ ದ್ರವವನ್ನು ತೆರೆದ ಹೊಂಡದಲ್ಲಿ ಕೊಳೆಯಿಸಿದರೆ ಹೊರಡುವ ಮೀಥೇನಿಗೆ ಈ ವಿನಾಯಿತಿಯಿಲ್ಲ. ಅದೇ ದ್ರವವನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿ ವಾಯುವನ್ನು ಹಿಡಿದು ಉರಿಸಿದರೆ ಸೌದೆಯ ವೆಚ್ಚವೂ ಉಳಿಯುವುದು, ಲೆಕ್ಕದ ಮೊತ್ತವೂ ಇಳಿಯುವುದು.

ಬೆಳೆಗಾರನ ಪಾಲು

ಮೂರನೆಯ ಖಾತೆಯನ್ನು ತುಂಬುವುದಕ್ಕಾಗಿಯೇ ಕೆಲವು ಕಂಪೆನಿಗಳವರು ರೈತರಲ್ಲಿಗೆ ಬಂದು ಗೊಬ್ಬರ, ಡೀಸೆಲ್, ನೀರು ಇವುಗಳ ವಿವರವನ್ನು ಕೇಳುವರು. 45 ಕಿಲೋಗ್ರಾಂ ತೂಕದ ಒಂದು ಚೀಲ ಯೂರಿಯಾದಲ್ಲಿ 20.7 ಕಿಲೋಗ್ರಾಂ ಸಾರಜನಕವಿರುವುದು. ಲೆಕ್ಕದಲ್ಲಿ ಸಾಮಾನ್ಯವಾಗಿ ಹಿಡಿಯುವಂತೆ ಇದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡಾಗಿ ಹೋದರೆ, ಆ ವಾಯುವಿನ ತೂಕವು ಒಂದು ಕಿಲೋಗ್ರಾಮಿನ ಮೂರನೆಯ ಒಂದು ಪಾಲಿಗೆ ಹತ್ತಿರವಾಗುವುದು. 273ರಿಂದ ಗುಣಿಸಿದರೆ ಸುಮಾರು 89 ಕಿಲೋಗ್ರಾಂ. ಯೂರಿಯಾದೊಳಗಿನ ಇಂಗಾಲದಿಂದ ಇನ್ನೂ 33 ಕಿಲೋಗ್ರಾಂ ಬರುವುದು. ಹೀಗೆ ಚೀಲವೊಂದಕ್ಕೆ ಹೊಲದಲ್ಲಿಯೇ ಸುಮಾರು 122 ಕಿಲೋಗ್ರಾಂ ಆಗುವುದು. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಹಾಕಿದ ಚೀಲವು ರೈತನಿಗೆ ಹಣದ ನಷ್ಟವೂ ಹೌದು, ಗಾಳಿಗೆ ಹೊರೆಯೂ ಹೌದು. ಕಬ್ಬಿನ ತರಗನ್ನು ಸುಡದೆ ಸಾಲುಗಳ ನಡುವೆ ಹರಡುವುದೂ, ಗದ್ದೆಯಲ್ಲಿ ನೀರನ್ನು ಎಡೆಬಿಡದೆ ನಿಲ್ಲಿಸದೆ ನಡುನಡುವೆ ಆರಲು ಬಿಡುವುದೂ ಈ ಲೆಕ್ಕವನ್ನು ಇಳಿಸತಕ್ಕ ಕ್ರಮಗಳು.

ಈ ಲೆಕ್ಕವು ಕಂದಾಯವಲ್ಲ. ವಿವರವನ್ನು ಕೊಟ್ಟ ಮಾತ್ರಕ್ಕೆ ರೈತನ ಮೇಲೆ ಯಾವ ತೆರಿಗೆಯೂ ಬೀಳುವುದಿಲ್ಲ. ಆದರೆ ಯಾವುದಾದರೂ ಕರಾರಿಗೆ ರುಜು ಹಾಕಬೇಕೆಂದು ಕೇಳಿದ ಪಕ್ಷದಲ್ಲಿ ಅದನ್ನು ಕನ್ನಡದಲ್ಲಿ ಓದಿಸಿಕೊಂಡು, ಅವಧಿ ಎಷ್ಟು, ಪ್ರತಿಫಲವೇನು, ಜಮೀನಿನ ಮೇಲೆ ಯಾವ ನಿರ್ಬಂಧವು ಬರುವುದು ಎಂಬುದನ್ನು ತಿಳಿದಲ್ಲದೆ ಒಪ್ಪತಕ್ಕದ್ದಲ್ಲ.

ಕೆಲಸಗಾರರ ಲೆಕ್ಕ

ಷೇರುಪೇಟೆಯ ಮೇಲ್ವಿಚಾರಣೆಯನ್ನು ನಡೆಸುವ ಸೆಬಿ ಎಂಬ ಸಂಸ್ಥೆಯು 2021ರಲ್ಲಿ ಒಂದು ನಮೂನೆಯನ್ನು ಗೊತ್ತುಮಾಡಿ, ಷೇರುಪೇಟೆಯಲ್ಲಿ ಅತಿ ದೊಡ್ಡವಾದ ಒಂದು ಸಾವಿರ ಕಂಪೆನಿಗಳು 2022-23ನೆಯ ಸಾಲಿನಿಂದ ಅದನ್ನು ಕಡ್ಡಾಯವಾಗಿ ತುಂಬತಕ್ಕದ್ದೆಂದು ವಿಧಿಸಿತು. ಅದರಲ್ಲಿ ಮೊದಲೆರಡು ಖಾತೆಗಳ ವಾಯುವಿನ ಲೆಕ್ಕವೂ, ಕೆಲಸದಲ್ಲಿ ಆದ ಪೆಟ್ಟುಗಳ ಮತ್ತು ಮರಣಗಳ ಲೆಕ್ಕವೂ ಸೇರಿರುತ್ತವೆ. ಪೆಟ್ಟಿನಿಂದ ಕೆಲಸವು ತಪ್ಪಿದ ಪ್ರಸಂಗಗಳನ್ನು, ಹತ್ತು ಲಕ್ಷ ಗಂಟೆಗಳ ಕೆಲಸಕ್ಕೆ ಎಷ್ಟೆಂದು ತೋರಿಸಬೇಕು.

ಒಂದು ಕಾರ್ಖಾನೆಯಲ್ಲಿ 500 ಮಂದಿಯು ದಿನಕ್ಕೆ 8 ಗಂಟೆಯಂತೆ ವರ್ಷದಲ್ಲಿ 250 ದಿನ ದುಡಿದರೆ ಹತ್ತು ಲಕ್ಷ ಗಂಟೆಗಳಾಗುವುವು. ನಾಲ್ಕು ಪ್ರಸಂಗಗಳು ನಡೆದಿದ್ದರೆ ಪ್ರಮಾಣವು 4. ಇವರಲ್ಲಿ 250 ಮಂದಿ ಖಾಯಂ ನೌಕರರು, 250 ಮಂದಿ ಗುತ್ತಿಗೆಯವರೆಂದೂ, ಅಪಾಯದ ಕೆಲಸವೆಲ್ಲವೂ ಗುತ್ತಿಗೆಯವರ ಪಾಲಿಗೆ ಬಂದು ಮೂರು ಪೆಟ್ಟುಗಳು ಅವರಿಗೇ ಆದುವೆಂದೂ ಭಾವಿಸುವ. ಖಾಯಂ ನೌಕರರನ್ನು ಮಾತ್ರ ಎಣಿಸಿದರೆ ಐದು ಲಕ್ಷ ಗಂಟೆಗಳಿಗೆ ಒಂದು ಪೆಟ್ಟು; ಪ್ರಮಾಣವು 2ಕ್ಕೆ ಇಳಿಯುವುದು. ಕಾರ್ಖಾನೆಯಲ್ಲಿ ಒಂದು ಮೊಳೆಯೂ ಬದಲಾಗದೆ, ಕಾಗದದ ಮೇಲೆ ಮಾತ್ರ ಅಪಾಯವು ಅರ್ಧವಾಗುವುದು.

ಹೊಗೆಯ ಲೆಕ್ಕದಲ್ಲಿಯೂ ಇದೇ ಲೋಪವುಂಟು. ಸ್ವಂತ ಲಾರಿಗಳನ್ನು ಮಾರಿ ಬಾಡಿಗೆಗೆ ಗೊತ್ತುಮಾಡಿದರೆ ಅದೇ ಹೊಗೆಯು ಮೊದಲನೆಯ ಖಾತೆಯಿಂದ ಮೂರನೆಯದಕ್ಕೆ ಹೋಗುವುದು. ಮೂರನೆಯದನ್ನು ಪ್ರಕಟಿಸದಿದ್ದರೆ ಲೆಕ್ಕದಿಂದಲೇ ಮರೆಯಾಗುವುದು. ಗೇಟಿನ ಹೊರಕ್ಕೆ ಹಾಕಿದ್ದು ಪುಸ್ತಕದಿಂದ ಹೋಗಬಹುದು, ಊರಿನಿಂದ ಹೋಗುವುದಿಲ್ಲ. ಆ ಲಾರಿಯ ಹೊಗೆಯು ಬೀಳುವುದು ಊರಿನ ದಾರಿಯಲ್ಲಿ. ಆ ಗುತ್ತಿಗೆಯ ಆಳು ಊರಿನ ಮನೆಯೊಂದರ ಮಗ. ಆದಕಾರಣ ಯಾವ ಕಂಪೆನಿಯ ಲೆಕ್ಕವನ್ನು ನೋಡಿದರೂ, ಮೊತ್ತವೆಷ್ಟೆಂದು ಕೇಳುವುದಕ್ಕೆ ಮೊದಲು ಯಾರನ್ನು, ಯಾವುದನ್ನು ಎಣಿಸಿದೆಯೆಂದು ಕೇಳುವುದು ವಿಹಿತ.

ಎರಡು ಲೆಕ್ಕಗಳೂ ಕೂಡುವ ಸ್ಥಳ

ಮುಚ್ಚಿದ ತೊಟ್ಟಿ, ಬಚ್ಚಲುನೀರಿನ ಗುಂಡಿ, ಗೋಬರ್ ಗ್ಯಾಸ್ ಗುಂಡಿ, ಮಲದ ಗುಂಡಿ ಇವುಗಳಲ್ಲಿ ಹುಟ್ಟುವ ವಾಯುವು ಮೇಲಕ್ಕೆ ಹೋದರೆ ಮೊದಲನೆಯ ಲೆಕ್ಕಕ್ಕೆ ಸೇರುವುದು. ಒಳಗೆ ನಿಂತರೆ ಎರಡನೆಯದಕ್ಕೆ ಮರಣವನ್ನು ಸೇರಿಸುವುದು. ಇಲ್ಲಿ ಹಗೇವಿನ ದೀಪದ ಪರೀಕ್ಷೆಯು ಸಾಲದು. ಅದು ಅಪಾಯಕರವೂ ಹೌದು. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಮೀಥೇನ್ ಬೆರೆತಿದ್ದರೆ ದೀಪದ ಕಿಡಿಯಿಂದಲೇ ಸಿಡಿಯುವುದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವು ಇನ್ನೂ ಮೋಸಗಾರ. ಅದು ಸ್ವಲ್ಪವಿದ್ದಾಗ ಮೂಗಿಗೆ ತಿಳಿಯುವುದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನಷ್ಟಾದರೆ ಮೂಗಿನ ಶಕ್ತಿಯೇ ಕುಂದಿ, ವಾಸನೆಯು ಹೋಯಿತೆಂದು ಆಳು ಧೈರ್ಯಗೊಳ್ಳುವನು. ಗುಂಡಿಯ ತಳವನ್ನು ಕೆದಕಿದಾಗ ಅಡಗಿದ್ದ ವಾಯುವು ಒಮ್ಮೆಲೆ ಏಳುವುದರಿಂದ, ಇಳಿದ ಗಳಿಗೆಯಲ್ಲಿ ಸರಿಯಾಗಿದ್ದ ಗಾಳಿಯು ಮರುಗಳಿಗೆಯಲ್ಲಿ ಕೆಡುವುದು.

ಒಬ್ಬನು ಬಿದ್ದುದನ್ನು ಕಂಡು ಮತ್ತೊಬ್ಬನು ಇಳಿಯುವನು. ಅವನನ್ನು ಎತ್ತಲು ಮೂರನೆಯವನು. ಅಮೆರಿಕದ ಕೆಲಸಗಾರರ ಕ್ಷೇಮದ ರಾಷ್ಟ್ರೀಯ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಎಚ್ಚರಿಕೆಯಂತೆ, ಇಂತಹ ಇಕ್ಕಟ್ಟಾದ ಸ್ಥಳಗಳಲ್ಲಿ ಮಡಿದವರ ಪೈಕಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿಯು ರಕ್ಷಿಸಲು ಹೋದವರೇ ಆಗಿದ್ದರು.

ನಮ್ಮ ದೇಶದಲ್ಲಿ 1948ನೆಯ ಇಸವಿಯ ಕಾರ್ಖಾನೆಗಳ ಕಾಯಿದೆಯ 36ನೆಯ ಪ್ರಕರಣವು ಇದಕ್ಕೆ ಸ್ಪಷ್ಟವಾದ ಕಟ್ಟಳೆಯನ್ನು ಮಾಡಿತು. ಒಳಗಿನ ಗಾಳಿಯನ್ನು ಪರೀಕ್ಷಿಸಿ ತಜ್ಞನು ಬರಹದ ಮೂಲಕ ದೃಢಪಡಿಸಿರಬೇಕು. ಇಲ್ಲವೆ ಇಳಿಯುವವನು ಉಸಿರಾಟದ ಸಲಕರಣೆಯನ್ನು ಧರಿಸಿ, ಸೊಂಟಪಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತವನು ಹಿಡಿದಿರಬೇಕು. ಆ ಕಾಯಿದೆಯ ಸ್ಥಾನಕ್ಕೆ 2020ನೆಯ ಇಸವಿಯ ಕೆಲಸಗಾರರ ಸುರಕ್ಷತೆಯ ಸಂಹಿತೆಯು ಬಂದಿದ್ದರೂ, ಆ ವಿಧಾನದ ಅವಶ್ಯಕತೆಯು ಎಳ್ಳಷ್ಟೂ ಕಡಮೆಯಾಗಿಲ್ಲ. ಮಲದ ಗುಂಡಿಯ ವಿಷಯದಲ್ಲಿ 2013ನೆಯ ಇಸವಿಯ ಕಾಯಿದೆಯು ಊರಿನ ಯಜಮಾನನಿಗೂ ಮನೆಯ ಒಡೆಯನಿಗೂ ಅನ್ವಯಿಸುವುದು. ರಕ್ಷಣೆಯ ಸಲಕರಣೆಗಳಿಲ್ಲದೆ ಆಳನ್ನು ಇಳಿಸಿದರೆ ಮೊದಲನೆಯ ಸಲಕ್ಕೇ ಎರಡು ವರ್ಷದವರೆಗೆ ಸೆರೆವಾಸವನ್ನಾಗಲಿ, ಎರಡು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು.

ಗ್ರಾಮಸ್ಥರು ಅನುಸರಿಸತಕ್ಕ ಅಂಶಗಳು

1. ಮಲದ ಗುಂಡಿಯನ್ನು ಯಂತ್ರದಿಂದಲೇ ಬರಿದು ಮಾಡಿಸತಕ್ಕದ್ದು. ಆಳನ್ನು ಇಳಿಸುವುದಕ್ಕೆ ಯಾರೂ ಒಪ್ಪಿಗೆ ಕೊಡಕೂಡದು.

2. ಗೋಬರ್ ಗ್ಯಾಸ್ ಗುಂಡಿ, ಹಳೆಯ ಬಾವಿ, ಹಗೇವು ಇವುಗಳ ಬಾಯಿಯನ್ನು ತೆರೆದು, ಹೊರಗಿನಿಂದ ಗಾಳಿಯನ್ನು ಊದಿಸಿ, ವಾಯುಮಾಪಕದಿಂದ ಪರೀಕ್ಷಿಸಿದಲ್ಲದೆ ಇಳಿಯತಕ್ಕದ್ದಲ್ಲ. ಆಮ್ಲಜನಕವು ನೂರಕ್ಕೆ 19.5ಕ್ಕಿಂತ ಕಡಮೆಯಿದ್ದರೆ ಇಳಿಯಲೇ ಕೂಡದು.

3. ಎಂಜಿನ್ ಪಂಪನ್ನು ಬಾವಿಯೊಳಗೆ ಇಟ್ಟು ನಡೆಸಬಾರದು. ಅದರ ಹೊಗೆಯಲ್ಲಿನ ವಿಷವು ಬಾವಿಯಲ್ಲಿಯೇ ನಿಲ್ಲುವುದು.

4. ಒಳಗೆ ಯಾರಾದರೂ ಬಿದ್ದರೆ ಹಗ್ಗದಿಂದ ಮೇಲಕ್ಕೆ ಎಳೆಯತಕ್ಕದ್ದು. ಹಗ್ಗವಿಲ್ಲದಿದ್ದರೆ ಹೊರಗಿನಿಂದ ಗಾಳಿಯನ್ನು ಊದುತ್ತ, 112ಕ್ಕೆ ಟೆಲಿಫೋನ್ ಮಾಡಿ ಅಗ್ನಿಶಾಮಕ ದಳವನ್ನು ಕರೆಯತಕ್ಕದ್ದು. ಮತ್ತೊಬ್ಬನು ಬರಿಗೈಯಲ್ಲಿ ಇಳಿಯುವುದನ್ನು ಬಲವಂತದಿಂದಲಾದರೂ ತಡೆಯಬೇಕು.

5. ಊರಿನಿಂದ ಕಾರ್ಖಾನೆಗೆ ಗುತ್ತಿಗೆಯ ಆಳುಗಳನ್ನು ಕಳುಹಿಸುವಾಗ, ಅವರ ಹೆಸರುಗಳು ಹಾಜರಿಯ ಪುಸ್ತಕದಲ್ಲಿ ಇವೆಯೆ, ಪೆಟ್ಟಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಯಾರು ಕೊಡುವರು ಎಂಬುದನ್ನು ಮುಂಚಿತವಾಗಿ ಬರಹದಲ್ಲಿ ಪಡೆಯತಕ್ಕದ್ದು.

6. ಜಮೀನುದಾರರು ಗೊಬ್ಬರದ ಚೀಲ, ಡೀಸೆಲ್ ಮತ್ತು ಪಂಪಿನ ಯೂನಿಟ್ಟುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಲೇಸು. ಕಂಪೆನಿಯವರು ಅಂದಾಜಿನಿಂದ ಹಿಡಿಯುವ ಮೊತ್ತಕ್ಕಿಂತ ಸ್ವಂತ ಪುಸ್ತಕವೇ ನಂಬತಕ್ಕದ್ದು.

ಹಗೇವಿನ ಬಾಯಲ್ಲಿ ದೀಪವನ್ನು ಇಳಿಸಿ ಕಾದು ಕುಳಿತ ಹಿರಿಯರು ಅರ್ಧ ಗಳಿಗೆಯ ಕೆಲಸವನ್ನು ಕಳೆದುಕೊಂಡರು, ಆಳನ್ನು ಉಳಿಸಿಕೊಂಡರು. ದೀಪದ ಬದಲು ಮಾಪಕವೂ, ಬಾಯಿಮಾತಿನ ಬದಲು ಬರಹದ ಲೆಕ್ಕವೂ ಬಂದಿರುವುವಷ್ಟೆ. ಕಣ್ಣಿಗೆ ಕಾಣದುದನ್ನು ಅಳೆದು ನೋಡದೆ ಮನುಷ್ಯನನ್ನು ಮುಂದಕ್ಕೆ ಕಳುಹಿಸಬಾರದೆಂಬ ನಿಯಮವು ಅಂದಿನದೇ ಆಗಿರುತ್ತದೆ.