ಆಡನ್ನು ನಾಯಿಯಾಗಿಸಿದ ಮಾತು

ಪಂಚತಂತ್ರದ ಬ್ರಾಹ್ಮಣನ ಕಥೆಯನ್ನು ಕೇಳದವರು ವಿರಳ. ಆಡನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ ಅವನಿಗೆ ದಾರಿಯಲ್ಲಿ ಮೂವರು ಧೂರ್ತರು ಒಬ್ಬೊಬ್ಬರಾಗಿ ಎದುರಾಗಿ, ಹೊತ್ತಿರುವುದು ಆಡಲ್ಲವೆಂದು ನಂಬಿಸುತ್ತಾರೆ. ಕೊನೆಗೆ ಅವನು ತನ್ನ ಕಣ್ಣನ್ನೇ ನಂಬದೆ ಅದನ್ನು ಇಳಿಸಿ ಹೋಗುತ್ತಾನೆ. ಅವನ ಮೇಲೆ ಯಾರೂ ಕೈಮಾಡಲಿಲ್ಲ. ಮಾತೊಂದೇ ಆ ಕಳವಿನ ಆಯುಧ.

ಇಂದು ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಿಂದ ನಡೆಯುತ್ತಿರುವ ವಂಚನೆ ಈ ಕಥೆಯ ಹೊಸ ರೂಪವೆಂದೇ ನನಗೆ ತೋರುತ್ತದೆ. ನಿಮ್ಮ ಹೆಸರಿನ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿದೆಯೆಂದು ಮೊದಲು ಒಬ್ಬನ ಕರೆ. ಬಳಿಕ ವಿಡಿಯೋದಲ್ಲಿ ಪೊಲೀಸ್ ಸಮವಸ್ತ್ರದ ಇನ್ನೊಬ್ಬ. ಅನಂತರ ನ್ಯಾಯಾಧೀಶನ ವೇಷದ ಮತ್ತೊಬ್ಬ. ಒಬ್ಬನ ಸುಳ್ಳಿಗೆ ಇನ್ನೊಬ್ಬ ಸಾಕ್ಷಿ. ಕರೆ ಕಡಿಯಬಾರದು, ಮನೆಯವರಿಗೂ ಹೇಳಬಾರದು ಎಂಬ ಕಟ್ಟಪ್ಪಣೆಯೇ ಈ ತಂತ್ರದ ಜೀವಾಳ. ಆ ಬ್ರಾಹ್ಮಣನ ಜೊತೆಗೊಬ್ಬ ಗೆಳೆಯನಿದ್ದಿದ್ದರೆ ಆಡು ಉಳಿಯುತ್ತಿರಲಿಲ್ಲವೇ?

ಮೋಸಹೋದವರು ಅಜ್ಞಾನಿಗಳೆಂದು ಭಾವಿಸುವುದು ತರವಲ್ಲ. 2024ರಲ್ಲಿ ವರ್ಧಮಾನ್ ಉದ್ಯಮ ಸಮೂಹದ ಅಧ್ಯಕ್ಷ ಎಸ್. ಪಿ. ಓಸ್ವಾಲರು 7 ಕೋಟಿ ರೂಪಾಯಿ ಕಳೆದುಕೊಂಡರು. ಅವರೆದುರು ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯೇ ನಡೆದಿತ್ತು. ಪೊಲೀಸರ ಪ್ರಯತ್ನದಿಂದ 5 ಕೋಟಿಗೂ ಮಿಕ್ಕಿದ ಹಣ ದೊರೆಯಿತು. ಕಾನೂನಿಗೆ ಅಂಜದ ದುಷ್ಟನನ್ನು ಈ ಬಲೆ ಹಿಡಿಯಲಾರದು. ಅಂಜುವ ಸಜ್ಜನನೇ ಇದಕ್ಕೆ ಸಿಲುಕುವುದು. ಮರ್ಯಾದೆಯ ಭಯವೇ ಅವನ ಬಾಯಿ ಕಟ್ಟುತ್ತದೆ. ಅವನನ್ನು ಕಂಡು ನಗುವ ನಾವು ಆ ಕಟ್ಟನ್ನು ಇನ್ನಷ್ಟು ಬಿಗಿಯುತ್ತೇವೆ.

ಯಂತ್ರಕ್ಕೆ ಬೀಗ ಹಾಕುವ ವಿದ್ಯೆ ಬೆಳೆದಿದೆ. ಆದರೆ ಗುಪ್ತಸಂಖ್ಯೆಯನ್ನು ನಾವೇ ಉಸುರಿದ ಮೇಲೆ ಯಾವ ಬೀಗ ತಾನೇ ಕಾಯಬಲ್ಲದು? ಭಾಷೆಯನ್ನು ಬೋಧಿಸುವ ನಾನು ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ಯಾವ ಮಾತನ್ನೇ ಆಗಲಿ, ಯಾರು, ಯಾರಿಗೆ, ಯಾವ ಉದ್ದೇಶದಿಂದ ಆಡುತ್ತಿದ್ದಾರೆಂದು ವಿಚಾರಿಸಬೇಕು. ಕಾವ್ಯಕ್ಕೆ ಸಲ್ಲುವ ಈ ವಿಮರ್ಶೆ ಕರೆಗೂ ಸಲ್ಲುತ್ತದೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅದು ಕೇವಲ ಒಂದು ಪದಪುಂಜ. ಯಾವ ತನಿಖಾಧಿಕಾರಿಯೂ ವಿಡಿಯೋ ಕರೆಯಲ್ಲಿ ಬಂಧಿಸಿ ಹಣ ಕೇಳುವುದಿಲ್ಲ.

ಇಂಥ ಕರೆ ಬಂದಾಗ ಅದನ್ನು ಕಡಿದು, ಬಳಿಯಲ್ಲಿದ್ದವರೊಡನೆ ಮಾತನಾಡುವುದೇ ಮೊದಲ ರಕ್ಷೆ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಮನೆಯ ಹಿರಿಯರಿಗೆ ಈ ಸಂಖ್ಯೆಯನ್ನು ಬರೆದುಕೊಡುವ ಕೆಲಸವನ್ನು ವಿದ್ಯಾರ್ಥಿಗಳು ಇಂದೇ ಮಾಡಬಹುದು.